ಬಾಯಮ್ಮನ ಚಾವಡಿಯ ಕೆಂಪು ಬಲ್ಬು

ಎಂಗಳ ಆಚಕರೆ ಬಾಯಮ್ಮನ ಚಾವಡಿಲಿ ಯೇಸುವಿನ ಒಂದು ಪಟ ಇತ್ತು. ಅದರ ಬುಡಲ್ಲಿ ಇರುಳು ಹಗಲು ಹೊತ್ತುವ ಸಣ್ಣ ಕೆಂಪು ಬಲ್ಬು. ಪಟಲ್ಲಿ ಹೃದಯ ಎದೆಂದ ಹೆರ ಕಾಂಬ ಹಾಂಗೆ, ಸುತ್ತ ಮುಳ್ಳು, ಮೇಗೆ ಕಿಚ್ಚು, ಶಿಲುಬೆ. ಸಣ್ಣಾದಿಪ್ಪಗ ಹಾಲು ಕೊಡ್ಲೆ ಹೋದರೆ ಆನು ಆ ಹೊಡೆಂಗೆ ನೋಡಿಗೊಂಡಿತ್ತಿಲ್ಲೆ. ಹೆದರಿಕೆ! "ಹೆದರಿಸುವ ಪಟ ಅಲ್ಲ ಮಗಾ, ಪ್ರೀತಿದು" ಹೇಳಿ ಬಾಯಮ್ಮ ನೆಗೆ ಮಾಡುಗು.

ಪವಿತ್ರ ಹೃದಯದ ಆ ಭಕ್ತಿಯ ಚರಿತ್ರೆ ಎನಗೆ ಗೊಂತಾದ್ದು ಮದುವೆ ಆಗಿ ಸುಮಾರು ವರ್ಷ ಕಳುದ ಮತ್ತೆ. ಅದು ಒಂದು ಹೆಮ್ಮಕ್ಕಳ ಕತೆ.

ಮಾರ್ಗರೆಟ್ ಮೇರಿ ಅಲಕೋಕ್ ಹುಟ್ಟಿದ್ದು 1647ರಲ್ಲಿ, ಫ್ರಾನ್ಸಿನ ಬರ್ಗಂಡಿಲಿ. ಎಂಟು ವರ್ಷ ಅಪ್ಪಗ ಅಪ್ಪ ತೀರಿಹೋದವು. ಮನೆಯ ಕಾರ್ಬಾರು ನೆಂಟರ ಕೈಗೆ ಹೋತು. ಎಲ್ಲದಕ್ಕೂ ಬೀಗ. ಇಗರ್ಜಿಗೆ ಹೋಪಲೆ ವಸ್ತ್ರ ಬೇಕಾರೂ ಕೇಳೆಕ್ಕು. ಕೀಲಿಕೈ ಇನ್ನೊಬ್ಬರ ಸೊಂಟಲ್ಲಿಪ್ಪ ಕಷ್ಟ ಎಂತದು ಹೇಳಿ ನಮ್ಮ ಅಜ್ಜಿಯಕ್ಕಳತ್ರೆ ಕೇಳಿರೆ ಸಾಕು.

1671ರಲ್ಲಿ ಮಾರ್ಗರೆಟ್ ಪಾರೇ-ಲೆ-ಮೊನಿಯಾಲ್ ಹೇಳ್ತ ಊರಿನ ಕಾನ್ವೆಂಟಿಂಗೆ ಸೇರಿತ್ತು. 1673ರ ದಶಂಬರ 27ಕ್ಕೆ ಪ್ರಾರ್ಥನೆಲಿಪ್ಪಗ, ಪ್ರೀತಿಲಿ ಹೊತ್ತುವ ಹೃದಯವ ಯೇಸು ತೋರುಸಿದವು ಹೇಳಿ ಅದು ಬರದು ಮಡಗಿದ್ದು.

ಆ ಕಾಲಲ್ಲಿ ಫ್ರಾನ್ಸಿಲಿ ಜಾನ್ಸೆನಿಸಂ ಹೇಳ್ತ ಕಟ್ಟುನಿಟ್ಟಿನ ಪಂಗಡದ ಮಾತು ಜೋರಿತ್ತು. ಪರಮಪ್ರಸಾದ ತೆಕ್ಕೊಂಬಲೂ ಜೆನ ಹೆದರೆಕ್ಕು, ಯೋಗ್ಯತೆ ಇದ್ದೋ ಹೇಳಿ. ಹಾಂಗಿಪ್ಪಗ ಈ ಸಿಸ್ಟರು ಹೇಳಿದ್ದು ಬೇರೆಯೇ: ದೇವರು ಪ್ರೀತಿಗೆ ಕಾದು ಕೂಯಿದವು, ತಿಂಗಳ ಸುರೂವಾಣ ಶುಕ್ರವಾರ ಹೋಗಿ ಪ್ರಸಾದ ತೆಕ್ಕೊಳ್ಳೆಕ್ಕು.

ಆರು ನಂಬುತ್ತವು? ಕಾನ್ವೆಂಟಿನವಕ್ಕೇ ಸಂಶಯ. 1675ರಲ್ಲಿ ಕ್ಲಾಡ್ ಲಾ ಕೊಲೊಂಬಿಯೇರ್ ಹೇಳ್ತ ಪಾದ್ರಿ ಬಂದವು. ಮಾರ್ಗರೆಟ್ ಹೇಳಿದ್ದರ ಪೂರಾ ಕೇಳಿದವು, ನಂಬಿದವು. ಅಷ್ಟು ಸಾಕಾತು. 1685ರಲ್ಲಿ ಅದರ ಕೈಕೆಳ ಕಲಿವ ಕೂಸುಗೊ ಕಾಗದಲ್ಲಿ ಶಾಯಿಲಿ ಹೃದಯ ಬರದು ಪ್ರಾರ್ಥನೆ ಮಾಡಿದವು. ಹೆರಿಯ ಸಿಸ್ಟರುಗೊಕ್ಕೆ ಕೋಪ ಬಂತು. ಮರುವರ್ಷ ವಿರೋಧ ಮಾಡಿದ ಸಿಸ್ಟರೇ ಪಟವ ತಂದು ಪ್ರಾರ್ಥನೆಯ ಜಾಗೆಲಿ ಮಡಗಿತ್ತು! 1690ರಲ್ಲಿ ಮಾರ್ಗರೆಟ್ ತೀರಿಹೋತು.

ಕಾನ್ವೆಂಟಿಂದ ಚಾವಡಿಗೆ ಬಪ್ಪಲೆ ಇನ್ನೂ ಇನ್ನೂರು ವರ್ಷ ಬೇಕಾತು. ನಾವು ಕಾಂಬ ಪಟಕ್ಕೆ ಮಾದರಿ, ಪೊಂಪೆಯೊ ಬತೋನಿ 1760ರ ದಶಕಲ್ಲಿ ಬರದ ಚಿತ್ರ, ರೋಮಿನ ಜೆಸು ಇಗರ್ಜಿಲಿ ಇಪ್ಪದು. 1856ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಇಡೀ ಕಥೋಲಿಕ ಸಭೆ ಈ ಹಬ್ಬ ಮಾಡೆಕ್ಕು ಹೇಳಿದವು. ಪೆರುವಿಲಿ ಹುಟ್ಟಿದ ಮಟೆಯೊ ಕ್ರಾಲಿ-ಬೋವಿ ಹೇಳ್ತ ಪಾದ್ರಿ 1907ರಿಂದ ಮನೆಮನೆಲಿ ಈ ಪಟ ಪ್ರತಿಷ್ಠೆ ಮಾಡುವ ಕ್ರಮವ ಹಬ್ಬುಸಿದವು. 1920ರಲ್ಲಿ ಮಾರ್ಗರೆಟಿಂಗೆ ಸಂತ ಪದವಿ ಸಿಕ್ಕಿತ್ತು.

ಬಾಯಮ್ಮನ ಗೆಂಡಂಗೆ ಹಡಗಿಲಿ ಕೆಲಸ. ತಿಂಗಳುಗಟ್ಳೆ ಕಾಗದ ಇರ. ಒಂದು ಉದಿಯಪ್ಪಗ ಆನು ಹೋದಪ್ಪಗ ಬಾಯಮ್ಮ ಪಟದ ಎದುರು ನಿಂದು ಕೊಂಕಣಿಲಿ ಮೆಲ್ಲಂಗೆ ಮಾತಾಡಿಗೊಂಡಿತ್ತು. ಆರತ್ರೆ ಕೇಳಿಯಪ್ಪಗ, "ಇವರು ಕೇಳ್ತಾರೆ ಮಗಾ, ನಡುವೆ ಬಾಯಿ ಹಾಕುದಿಲ್ಲ" ಹೇಳಿತ್ತು. ಅಂಬಗ ಎನಗೆ ನೆಗೆ ಬಂದಿತ್ತು.

ಬಾಯಮ್ಮ ಈಗ ಇಲ್ಲೆ. ಮಗನ ಹೊಸ ಮನೆಲಿ ಪಟ ಇದ್ದು, ಬಲ್ಬುದೆ ಹೊತ್ತುತ್ತು. ಈ ಕತೆಯ ಬಾಯಮ್ಮಂಗೆ ಹೇಳ್ಲೆ ಎಡಿಗಾಯಿದಿಲ್ಲೆ. ಹಾಂಗಾಗಿ ನಿಂಗೊಗೆ ಹೇಳಿದೆ.