ಹತ್ತು ಇಂಚೋ, ಹದಿನೈದು ಇಂಚೋ? ಬೇಸ್ ಸ್ಪೀಕರ್ ನಡೆದು ಬಂದ ದಾರಿ



ಕ್ಯಾರಲ್ ಹಾಡುತ್ತಾ ಮನೆಮನೆಗೆ ಹೋಗಿ ಕೂಡಿಸಿದ ಹಣದಲ್ಲಿ ನಮ್ಮ ಗಾಯನ ವೃಂದಕ್ಕೆ ಬೇಸ್ ಗಿಟಾರಿನ ಕಾಂಬೊ ಆಂಪ್ಲಿಫೈಯರ್ ತರೋಣವೆಂದು ಕೂತಾಗ ನಮ್ಮಲ್ಲೇ ಎರಡು ಗುಂಪಾಯಿತು. ಒಂದು ಗುಂಪಿಗೆ 15 ಇಂಚಿನ ಒಂದು ಸ್ಪೀಕರ್ ಇರುವುದೇ ಬೇಕು. ಇನ್ನೊಂದಕ್ಕೆ 10 ಇಂಚಿನವು ನಾಲ್ಕು ಬೇಕು. ಜನ ನಂಬಿ ಕೊಟ್ಟ ಹಣ ದುಂದಾಗಬಾರದು. ಆದ್ದರಿಂದ ಈ ಅಳತೆಗಳು ಎಲ್ಲಿಂದ ಬಂದವು ಎಂದು ಹಿಂತಿರುಗಿ ನೋಡಿದೆವು.

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರನ್ನು ಹೊರತಂದರು. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಕೇಳಿಸಬೇಕಾದರೆ ಸ್ಪೀಕರ್ ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೆಂದೇ 1952ರಲ್ಲಿ ಬಂದ ಫೆಂಡರ್ ಬೇಸ್‌ಮನ್ ಆಂಪಿನಲ್ಲಿ 15 ಇಂಚಿನ ಒಂದು ಸ್ಪೀಕರ್ ಇತ್ತು.

ಕೆಲವೇ ವರ್ಷಗಳಲ್ಲಿ ಅದೇ ಬೇಸ್‌ಮನ್‌ಗೆ 10 ಇಂಚಿನ ನಾಲ್ಕು ಸ್ಪೀಕರ್ ಬಂದವು. ಲೆಕ್ಕ ಸರಳ: 15ನ್ನು 15ರಿಂದ ಗುಣಿಸಿದರೆ 225; 10ನ್ನು 10ರಿಂದ ಗುಣಿಸಿ ನಾಲ್ಕು ಪಟ್ಟು ಮಾಡಿದರೆ 400. ಗಾಳಿ ತಳ್ಳುವ ವಿಸ್ತೀರ್ಣ ಮುಕ್ಕಾಲು ಪಾಲು ಹೆಚ್ಚಾಯಿತು. ಆದರೆ ಪೆಟ್ಟಿಗೆಯ ಹಿಂಭಾಗ ತೆರೆದಿತ್ತು. ಹಾಗಿದ್ದಾಗ ಹಿಂದಿನಿಂದ ಹೊರಟ ತಗ್ಗಿನ ಅಲೆ ಮುಂದಿನ ಅಲೆಯನ್ನು ಅಳಿಸುತ್ತದೆ. ಕೊನೆಗೆ ಬೇಸಿಗೆಂದು ಮಾಡಿದ ಆ ಆಂಪನ್ನು ಗಿಟಾರ್ ನುಡಿಸುವವರೇ ಹೆಚ್ಚು ಮೆಚ್ಚಿದರು. ಲಂಡನ್ನಿನ ಜಿಮ್ ಮಾರ್ಷಲ್ ತಮ್ಮ ಮೊದಲ ಆಂಪಿಗೆ ಅದನ್ನೇ ಮಾದರಿಯಾಗಿಟ್ಟುಕೊಂಡರು.

1960ರಲ್ಲಿ ಆಂಪೆಗ್ ಕಂಪನಿ ಬಿ-15 ಪೋರ್ಟಾಫ್ಲೆಕ್ಸ್ ತಂದಿತು. ಅದರದು ಹಿಂಭಾಗ ಮುಚ್ಚಿ, ಗಾಳಿಗೆ ಲೆಕ್ಕವಿಟ್ಟು ದಾರಿ ಬಿಟ್ಟ ಪೆಟ್ಟಿಗೆ. 15 ಇಂಚಿನ ಒಂದು ಸ್ಪೀಕರ್. ಶಕ್ತಿ ಸುಮಾರು 25 ವಾಟ್. ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರಿಗೂ ಇದು ಒಗ್ಗಿತ್ತು. 1969ರಲ್ಲಿ ಅದೇ ಕಂಪನಿ 300 ವಾಟಿನ ಎಸ್‌ವಿಟಿ ತಯಾರಿಸಿತು. ರೋಲಿಂಗ್ ಸ್ಟೋನ್ಸ್‌ನಂಥ ತಂಡಗಳು ಭಾರೀ ಜನಸಂದಣಿಯ ಮುಂದೆ ನುಡಿಸುವ ಕಾಲ ಅದು. ಎಸ್‌ವಿಟಿಯ ಜೊತೆ ಹೆಸರಾದದ್ದು 10 ಇಂಚಿನ ಎಂಟು ಸ್ಪೀಕರುಗಳ ಮುಚ್ಚಿದ ಪೆಟ್ಟಿಗೆ.

ನಮಗೆ ಸಿಕ್ಕ ಪಾಠ ಇಷ್ಟೆ: ಇಂಚು ಒಂದೇ ತೀರ್ಮಾನಿಸುವುದಿಲ್ಲ. ಪೆಟ್ಟಿಗೆ ಹೇಗಿದೆ, ಜಾಗ ಎಷ್ಟಿದೆ ಎಂಬುದೂ ಸೇರುತ್ತದೆ. ವಾಟ್ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಎಸ್‌ವಿಟಿ ಹುಟ್ಟಿದ್ದು ಮೈದಾನಗಳಿಗೆ; ನಾವು ನುಡಿಸುವುದು ಚಿಕ್ಕ ದೇವಾಲಯದಲ್ಲಿ, ಮೊದಲ ಸಾಲಿನಲ್ಲಿ ಕೂರುವ ಅಜ್ಜಿಯರ ಮುಂದೆ.

ಇನ್ನೊಂದು ಮಾತೂ ನೆನಪಾಯಿತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1967ರಲ್ಲಿ ಹೊರಬಂದ 'ಮೂಸಿಕಾಂ ಸಾಕ್ರಾಂ' ಸೂಚನೆ ವಾದ್ಯಗಳು ಹಾಡುವ ದನಿಗೆ ಆಸರೆಯಾಗಬೇಕು, ಹಾಡಿನ ಪದಗಳನ್ನು ಮುಳುಗಿಸಬಾರದು ಎನ್ನುತ್ತದೆ.

ಆದ್ದರಿಂದ 12 ಅಥವಾ 15 ಇಂಚಿನ ಒಂದೇ ಸ್ಪೀಕರಿನ, ಹಿಂಭಾಗ ಮುಚ್ಚಿದ, ಸುಮಾರು 100 ವಾಟಿನ ಕಾಂಬೊ ಸಾಕೆಂದು ನಮಗನಿಸಿದೆ. ಅದನ್ನು ಮೂಲೆಗೆ ಒತ್ತಿ ಇಡುವುದು ಬೇಡ, ಅಲ್ಲಿ ಬೇಸ್ ಗುಮ್ಮೆನ್ನುತ್ತದೆ. ಕೊಳ್ಳುವ ಮುಂಚೆ ಒಂದನ್ನು ತಂದು ನುಡಿಸಿ ನೋಡೋಣ. ಒಬ್ಬರು ಮೊದಲ ಸಾಲಿನಲ್ಲಿ, ಇನ್ನೊಬ್ಬರು ಬಾಗಿಲ ಬಳಿ ನಿಲ್ಲಲಿ. ಹಾಡಿನ ಪದ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿದರೆ ಅದೇ ನಮ್ಮ ಆಂಪ್. ಭಾನುವಾರ ಬಲಿಪೂಜೆ ಮುಗಿದ ಮೇಲೆ ಎರಡೂ ಗುಂಪಿನವರು ಬನ್ನಿ.