ಹಳೆಯ ಫಿಯಟ್ಟಿನ ಜೀರ್ಣೋದ್ಧಾರ

(ಬಾನುಲಿ ಭಾಷಣ)

ನಮ್ಮ ನಾಡಿನ ಶಾಸನಗಳನ್ನು ಓದುವ ಅಭ್ಯಾಸವಿರುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ದೇವಾಲಯಕ್ಕೆ ದತ್ತಿ ಬಿಡುವವನು ಪೂಜೆ, ನೈವೇದ್ಯ, ನಂದಾದೀಪಗಳ ಜೊತೆಗೆ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವ ವೆಚ್ಚಕ್ಕೆಂದು ಅದೇ ಭೂಮಿಯ ಆದಾಯದಲ್ಲಿ ಒಂದು ಪಾಲನ್ನು ತೆಗೆದಿಡುತ್ತಿದ್ದನು. ಕಲ್ಲಿನ ಕಟ್ಟಡವೂ ಒಂದು ದಿನ ಸಡಿಲಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡ ವಿವೇಕ ಅದು. ಮೂವತ್ತು ವರ್ಷ ತರಗತಿಗಳಲ್ಲಿ ಈ ಸಮಾಸವನ್ನು ಬಿಡಿಸಿ ಹೇಳಿದವನು ನಾನು. ಆದರೆ ಅದರ ಅರ್ಥ ನನಗೆ ಮೊದಲು ಹೊಳೆದದ್ದು ಜಾವಗಲ್ಲಿನಲ್ಲಿ, ದೊಡ್ಡಪ್ಪನವರ ಕಾರಿನ ಕೆಳಗೆ ಮಲಗಿದ್ದಾಗ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು.

ಜಾವಗಲ್ ಅರಸೀಕೆರೆ ತಾಲ್ಲೂಕಿನ ಊರು. ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿದೆ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಕೈಚಳಕವಿರುವ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ದೊಡ್ಡಪ್ಪನವರು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. 1974ರಲ್ಲಿ ಅವರು ಬೆಂಗಳೂರಿನಿಂದ ಒಂದು ಫಿಯಟ್ 1100 ಡಿಲೈಟ್ ಕಾರನ್ನು ಎರಡನೆಯ ಕೈಯಲ್ಲಿ ಕೊಂಡು ತಂದರು. ಆಗಲೇ ಅದಕ್ಕೆ ಏಳು ವರ್ಷ. ಊರಿನ ಹುಡುಗರೆಲ್ಲ ಅದರ ಹಿಂದೆ ಓಡಿದೆವು. ಮೂರನೆಯ ದಿನ ಅದು ತೇರಿನ ಬೀದಿಯಲ್ಲಿ ನಿಂತುಹೋಯಿತು. ಆಗಲೂ ನಾವೇ ಹಿಂದಿನಿಂದ ನೂಕಿದೆವು.

ಈ ಕಾರಿಗೂ ನಮ್ಮ ಮೈಸೂರಿಗೂ ಒಂದು ಹಳೆಯ ಸಂಬಂಧವುಂಟು. ಅದನ್ನು ಬಲ್ಲವರು ಕಡಿಮೆ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಬಂಡವಾಳ ಹೂಡಲು ಮುಂದೆ ಬಂದವರು ವಾಲ್‌ಚಂದ್ ಹೀರಾಚಂದ್. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ನೆರವಿಗೆ ಒಪ್ಪಿತ್ತು. 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಆಗ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ಕೈಜೋಡಿಸಲು ಮುಂದಾಯಿತು. ಬ್ರಿಟಿಷ್ ಪ್ರಭುತ್ವಕ್ಕೆ ಅದು ಹಿಡಿಸಲಿಲ್ಲ. ಮೇಲಿನಿಂದ ಒತ್ತಡ ಬಂದು ಮೈಸೂರು ಹಿಂದೆ ಸರಿಯಬೇಕಾಯಿತು. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನದ ಕಾರ್ಖಾನೆಯನ್ನು. ಯುದ್ಧಕ್ಕೆ ವಿಮಾನ ಬೇಕಾಗಿತ್ತು, ಕಾರು ಬೇಡವಾಗಿತ್ತು. ಕಾರಿನ ಸಂಸ್ಥೆ ‘ಪ್ರೀಮಿಯರ್ ಆಟೊಮೊಬೈಲ್ಸ್’ ಎಂಬ ಹೆಸರಿನಿಂದ 1944ರಲ್ಲಿ ಹುಟ್ಟಿ ಮುಂಬಯಿಯ ಕುರ್ಲಾದಲ್ಲಿ ನೆಲೆಯೂರಿತು. ಮೊದಲು ಅಮೆರಿಕದ ಕ್ರೈಸ್ಲರ್, ಅನಂತರ ಇಟಲಿಯ ಫಿಯಟ್ ಅದರ ಜೊತೆಗಾರರಾದರು. ದೊಡ್ಡಪ್ಪನವರು ಕಾರಿನ ಮೇಲೆ ಸಿಟ್ಟಾದಾಗಲೆಲ್ಲ, “ವಿಶ್ವೇಶ್ವರಯ್ಯನೋರ ಮಾತು ನಡೆದಿದ್ರೆ ಇದರ ಸಾಮಾನು ಬೆಂಗಳೂರಲ್ಲೇ ಸಿಗ್ತಿತ್ತು ಕಣೋ” ಎನ್ನುತ್ತಿದ್ದರು.

ಸಾಮಾನು ಸಿಗುವುದೇ ಅಂದಿನ ದೊಡ್ಡ ಪ್ರಶ್ನೆ. 1953ರ ಬಳಿಕ ಸರ್ಕಾರದ ಧೋರಣೆ ಬಿಗಿಯಾಯಿತು: ಭಾಗಗಳನ್ನು ತರಿಸಿ ಜೋಡಿಸಿದರೆ ಸಾಲದು, ಇಲ್ಲಿಯೇ ತಯಾರಿಸಬೇಕು. ಹಾಗೆ ಮಾಡಲೊಲ್ಲದ ವಿದೇಶೀ ಕಂಪೆನಿಗಳು ಹೊರಟುಹೋದವು. ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಬೆರಳೆಣಿಕೆಯ ಕಾರುಗಳು ಉಳಿದವು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಳೆಯ ಕಾರಿಗೇ ಹೊಸದಕ್ಕಿಂತ ಹೆಚ್ಚು ಬೆಲೆ ಬಂದ ಉದಾಹರಣೆಗಳೂ ಇದ್ದವು. ಇಂಥ ಕಾಲದಲ್ಲಿ ಕಾರನ್ನು ಎಸೆಯುವ ಮಾತೆಲ್ಲಿ? ಸ್ವಂತ ರಿಪೇರಿಯನ್ನು ಹವ್ಯಾಸವೆಂದು ಕರೆಯುವುದು ಈಚಿನ ರೂಢಿ. ಜಾವಗಲ್ಲಿನಂಥ ಊರಿನಲ್ಲಿ ಅದು ಬಾವಿಯ ಹಗ್ಗಕ್ಕೆ ಗಂಟು ಹಾಕುವಷ್ಟೇ ಸಹಜವಾದ ನಿತ್ಯದ ಕೆಲಸವಾಗಿತ್ತು.

ಆ ಕೆಲಸ ನಮ್ಮಂಥವರ ಕೈಗೆ ಎಟುಕುತ್ತಿದ್ದುದು ಹೇಗೆ? 1953ರಲ್ಲಿ ಇಟಲಿಯಲ್ಲಿ ಹೊರಬಂದ ಮಾದರಿ ಅದು. 1089 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಬಾನೆಟ್ಟು ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಹೆಚ್ಚಿನದು ಕೈಗೆ ಸಿಗುತ್ತಿತ್ತು. ಕಿಡಿಯ ವ್ಯವಸ್ಥೆಯನ್ನೇ ನೋಡಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಲೋಹದ ಎರಡು ಪುಟ್ಟ ತುಟಿಗಳು. ಎಂಜಿನ್ ತಿರುಗಿದಂತೆ ಅವು ತೆರೆದು ಮುಚ್ಚುತ್ತವೆ. ತೆರೆದ ಕ್ಷಣದಲ್ಲಿ ವಿದ್ಯುತ್ತು ಕಡಿದು, ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ, ಸರದಿಯಲ್ಲಿರುವ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಸರದಿ ಒಂದು, ಮೂರು, ನಾಲ್ಕು, ಎರಡು. ಮಗ್ಗಿಗಿಂತ ಮೊದಲು ಇದು ನನಗೆ ಬಾಯಿಪಾಠವಾಗಿತ್ತೆಂದರೆ ಅತಿಶಯೋಕ್ತಿ, ಆದರೆ ಷಟ್ಪದಿಯ ಮಾತ್ರೆಗಳಿಗಿಂತ ಮೊದಲಂತೂ ಹೌದು. ಆ ತುಟಿಗಳನ್ನು ನಮ್ಮವರು ‘ಪ್ಲಾಟಿನಂ’ ಎನ್ನುತ್ತಿದ್ದರು. ವಾಸ್ತವವಾಗಿ ಅವು ಟಂಗ್‌ಸ್ಟನ್ನಿನವು. ಬಹಳ ಹಿಂದೆ ಪ್ಲಾಟಿನಮ್ಮಿನಿಂದ ಮಾಡುತ್ತಿದ್ದರಂತೆ. ಲೋಹ ಬದಲಾಯಿತು, ಹೆಸರು ಉಳಿಯಿತು. ಭಾಷಾಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಒಮ್ಮೆ ಹಳೇಬೀಡಿನಿಂದ ಮದುವೆ ಮುಗಿಸಿ ಬರುವಾಗ, ಕತ್ತಲಾಗುವ ಹೊತ್ತಿಗೆ, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ದೊಡ್ಡಪ್ಪನವರು ಬೀಡಿ ಹಚ್ಚಲು ತೆಗೆದ ಬೆಂಕಿಪೊಟ್ಟಣವನ್ನು ಹಾಗೆಯೇ ಹಿಡಿದುಕೊಂಡು ಮುಚ್ಚಳ ಬಿಚ್ಚಿದರು. ಕಡ್ಡಿ ಗೀರುವ ಬದಿಯಿಂದ ಪ್ಲಾಟಿನಮ್ಮಿನ ಕಪ್ಪನ್ನು ಉಜ್ಜಿದರು. ಎರಡರ ನಡುವಣ ಅಂತರ ಅರ್ಧ ಮಿಲಿಮೀಟರಿಗೂ ಕೊಂಚ ಕಡಿಮೆ ಇರಬೇಕು. ಅದನ್ನು ಅಳೆಯುವ ಉಕ್ಕಿನ ಎಲೆಗಳು ಮನೆಯಲ್ಲಿ ಉಳಿದಿದ್ದವು. ದೊಡ್ಡಮ್ಮನವರ ಚೀಲದಿಂದ ಅದೇ ಮದುವೆಯ ಲಗ್ನಪತ್ರಿಕೆಯನ್ನು ಈಸಿಕೊಂಡು ಅದರ ದಪ್ಪದಿಂದಲೇ ಅಂತರವನ್ನು ಸರಿಹೊಂದಿಸಿದರು. ಟಾರ್ಚು ಹಿಡಿದವನು ನಾನು. “ಕೈ ನಡುಗಿಸಬೇಡ್ವೋ” ಎಂದು ಬೈಸಿಕೊಂಡದ್ದಲ್ಲದೆ ಬೇರೆ ಯಾವ ಪಾಠವನ್ನೂ ಅವರು ನನಗೆ ಬಾಯಲ್ಲಿ ಹೇಳಲಿಲ್ಲ. ನೋಡಿ ಕಲಿತದ್ದೇ ಎಲ್ಲ.

ಹೀಗೆಯೇ ಪ್ಲಗ್ಗಿನ ಬಣ್ಣ ನೋಡಿ ರೋಗ ಹೇಳುವುದನ್ನು ಕಲಿತೆ. ಇಟ್ಟಿಗೆಯ ಕಂದು ಬಣ್ಣವಿದ್ದರೆ ಆರೋಗ್ಯ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಯಾಗಿದ್ದರೆ ಗಾಳಿ ಹೆಚ್ಚು. ಧರ್ಮಸ್ಥಳದಿಂದ ಚಾರ್ಮಾಡಿ ಘಾಟಿಯನ್ನು ಹತ್ತುವಾಗ ಎಂಜಿನ್ನಿನ ಕಾವಿಗೆ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಅದಕ್ಕೆ ಔಷಧಿ, ಟವಲನ್ನು ತೊರೆಯ ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ ಕಾಲು ಗಂಟೆ ಕಾಯುವುದು. ಬಿಡಿಭಾಗಗಳಿಗೆ ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕು. ಕೊಬ್ಬರಿಯ ಲಾರಿಯಲ್ಲಿ ಹೋದವರು ಕೈಚೀಲದಲ್ಲಿ ಫ್ಯಾನ್ ಬೆಲ್ಟು, ಹೋಸ್ ಪೈಪು ಹೊತ್ತು ಬರುತ್ತಿದ್ದರು.

ಇದನ್ನೆಲ್ಲ ಕೇಳಿ, ಸ್ವಂತ ರಿಪೇರಿಯೆಂದರೆ ಬರೀ ಜಾಣತನವೆಂದು ಯಾರೂ ಭಾವಿಸಬಾರದು. 1979ರ ಬೇಸಿಗೆಯಲ್ಲಿ ಬ್ರೇಕಿನ ಎಣ್ಣೆ ಇಳಿದಿತ್ತು. ಆ ಎಣ್ಣೆ ಅರಸೀಕೆರೆಯಲ್ಲಿ ಸಿಗಲಿಲ್ಲ. “ಎಣ್ಣೆ ಅಂದ್ಮೇಲೆ ಎಲ್ಲಾ ಎಣ್ಣೆನೇ” ಎಂದು ದೊಡ್ಡಪ್ಪನವರು ಡಬ್ಬಿಯಲ್ಲಿದ್ದ ಎಂಜಿನ್ ಆಯಿಲನ್ನೇ ಸುರಿದರು. ಹಾಗೆ ಸುರಿಯುವುದರಿಂದ ಒಳಗಿನ ರಬ್ಬರು ಬಟ್ಟಲುಗಳು ಉಬ್ಬಿ ಕೊಳೆಯುತ್ತವೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ವಾರದೊಳಗೆ ಚಕ್ರಗಳು ಬಿಗಿಯತೊಡಗಿದವು. ಹತ್ತನೆಯ ದಿನ ಬಾಣಾವರದ ದಾರಿಯ ಇಳಿಜಾರಿನಲ್ಲಿ ಪೆಡಲು ನೆಲಕ್ಕೆ ಹೋಯಿತು, ಗಾಡಿ ನಿಲ್ಲಲಿಲ್ಲ. ಕೈಬ್ರೇಕು ಎಳೆದು, ಕತ್ತಾಳೆಯ ಬೇಲಿಗೆ ಗುದ್ದಿಸಿ ನಿಲ್ಲಿಸಿದರು. ಮುಂದಿನ ಸೀಟಿನಲ್ಲಿದ್ದ ನನ್ನ ತಮ್ಮನ ಹಣೆ ಒಡೆಯಿತು. ಗಾಯ ಮಾಯಲು ತಿಂಗಳು ಹಿಡಿಯಿತು. ಗುರುತು ಇಂದಿಗೂ ಇದೆ. ದೊಡ್ಡಪ್ಪನವರು ಆ ಬಳಿಕ ಹದಿನೇಳು ವರ್ಷ ಬದುಕಿದರು, ಕಾರಿನ ಉಳಿದೆಲ್ಲ ಕೆಲಸವನ್ನೂ ತಾವೇ ಮಾಡಿದರು. ಬ್ರೇಕಿಗೆ ಮಾತ್ರ ಮತ್ತೆ ಕೈ ಹಾಕಲಿಲ್ಲ. ಬಾಣಾವರದ ಮೇಸ್ತ್ರಿಯೊಬ್ಬರ ಮುಂದೆ ವಿದ್ಯಾರ್ಥಿಯಂತೆ ನಿಂತು ನೋಡುತ್ತಿದ್ದರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಹಗುರವಾದ, ನಂಬಿಕೆಗೆ ಅರ್ಹವಾದ ಗಾಡಿ. ಅದನ್ನು ಹಳಿಯಲು ನನಗೆ ಕಾರಣವಿಲ್ಲ. ದಾರಿಯಲ್ಲಿ ನಿಲ್ಲದ ಕಾರಿಗೆ ದಾರಿಯಲ್ಲಿ ಇಳಿದು ನೋಡುವವನು ಬೇಕಾಗುವುದಿಲ್ಲ. 2000ದ ಫೆಬ್ರವರಿಗೆ ಸೀಸ ಬೆರೆತ ಪೆಟ್ರೋಲು ದೇಶದಲ್ಲೆಲ್ಲ ನಿಂತಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರು ಹೋಗಿ, ಪೆಟ್ರೋಲನ್ನು ಕಂಪ್ಯೂಟರು ಅಳೆದು ಹಾಕುವ ವ್ಯವಸ್ಥೆ ಬಂದಿತು. ಗಾಳಿ ಶುದ್ಧವಾಗಲು ಅದು ಬೇಕೇ ಆಗಿತ್ತು. ಆದರೆ ಬಾನೆಟ್ಟಿನ ಕೆಳಗೆ ಈಗಿರುವುದು ಮೊಹರು ಹಾಕಿದ ಕಪ್ಪು ಪೆಟ್ಟಿಗೆ. ಕೆಟ್ಟರೆ ಬಿಚ್ಚುವಂತಿಲ್ಲ, ಬದಲಿಸಬೇಕು. ಒಡೆಯುವುದನ್ನು ಎಣಿಸಿಕೊಂಡು ಕಟ್ಟಿದ ವಸ್ತುವಿಗೂ, ಒಡೆದರೆ ಬಿಸಾಡಲೆಂದು ಕಟ್ಟಿದ ವಸ್ತುವಿಗೂ ವ್ಯತ್ಯಾಸವಿದೆ. ಪದ್ಮಿನಿ ಎಂಬ ರಾಣಿಯ ಹೆಸರನ್ನು ಹೊತ್ತು ಮುಂದುವರಿದ ಆ ಫಿಯಟ್ಟಿನ ತಯಾರಿಕೆ 2000ದ ಆಸುಪಾಸಿನಲ್ಲಿ ಕೊನೆಗೊಂಡಿತು. ಮುಂಬಯಿಯ ಬೀದಿಗಳಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಉಳಿದಿದ್ದ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು.

ನಮ್ಮ ಡಿಲೈಟ್ ಇನ್ನೂ ಜಾವಗಲ್ಲಿನ ಮನೆಯ ಕೊಟ್ಟಿಗೆಯಲ್ಲಿದೆ. ದೊಡ್ಡಪ್ಪನವರ ಮೊಮ್ಮಗ ಅದನ್ನು ಗುಜರಿಗೆ ಹಾಕಿಬಿಡೋಣವೆನ್ನುತ್ತಾನೆ. “ಚಿಕ್ಕ ತಾತ, ಇದಕ್ಕೆ ಹಾಕೋ ದುಡ್ಡಲ್ಲಿ ಹೊಸ ಕಾರೇ ಬರುತ್ತೆ” ಎಂಬ ಅವನ ಲೆಕ್ಕ ಪೂರ್ಣವಾಗಿ ತಪ್ಪಲ್ಲ. ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥನಾಲ್ ಇರುವುದರಿಂದ ಹಳೆಯ ರಬ್ಬರು ನಾಲೆಗಳೂ ಪಂಪಿನ ಪೊರೆಯೂ ಬೇಗ ಹಾಳಾಗುತ್ತವೆ. ಕಳೆದ ತಿಂಗಳು ಹೊಸ ಪೊರೆಯೊಂದನ್ನು ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದು ಹಾಕಿದೆ. ಮೊಣಕಾಲು ನೋವಿನಿಂದ ಕೂರಲಾಗದೆ, ಕಾಲುಮಣೆಯ ಮೇಲೆ ಕುಳಿತು ಮಾಡಿದೆ. ಟಾರ್ಚು ಹಿಡಿದವನು ಅವನೇ, ಫೋನಿನ ದೀಪ. ಮೂರನೆಯ ಸಲಕ್ಕೆ ಎಂಜಿನ್ ಹಿಡಿದುಕೊಂಡಿತು. ನೋಂದಣಿಯ ಅವಧಿ ಬರುವ ಮಾರ್ಚಿಗೆ ಮುಗಿಯುತ್ತದೆ. ಅಷ್ಟರೊಳಗೆ ಬ್ರೇಕಿನ ರಬ್ಬರುಗಳನ್ನು ಹಾಕಿಸಬೇಕು. ಅದನ್ನು ಮಾತ್ರ ಬಾಣಾವರದಲ್ಲಿ, ಆ ಮೇಸ್ತ್ರಿಯ ಮಗನ ಕೈಯಲ್ಲಿ.