ಪೆಸಿಫಿಕ್ ದ್ವೀಪಗಳ ಸಂಯುಕ್ತ ರಗ್ಬಿ ತಂಡ

ಫಿಜಿ, ಸಮೋವ, ಟೊಂಗ ಮುಖ್ಯವಾಗಿದ್ದು, ನಿಯುಯೆ ಮತ್ತು ಕುಕ್ ದ್ವೀಪಗಳೂ ಸೇರಿದ್ದ ಒಕ್ಕೂಟದ ಪರವಾಗಿ 2004ರಿಂದ 2008ರವರೆಗೆ ಆಡಿದ ತಂಡ. ವಿಶ್ವಕಪ್‌ಗೆ ಈ ದೇಶಗಳು ಒಂದೇ ತಂಡ ಕಳಿಸಲಿ ಎಂಬ ಸಲಹೆಯೊಂದಿಗೆ ಇದನ್ನು ಬೆರೆಸಿ ಹೇಳುವುದುಂಟು. ಅದು ಸರಿಯಲ್ಲ. ಈ ತಂಡ ಪ್ರವಾಸಕ್ಕಾಗಿ ಮಾತ್ರ ಕಟ್ಟಿದ್ದು. ಸದಸ್ಯ ದೇಶಗಳ ತಂಡಗಳು ಎಂದಿನಂತೆ ಉಳಿದವು.

ಹಿನ್ನೆಲೆ: ಫಿಜಿಯು ಸಮೋವ, ಟೊಂಗಗಳೊಡನೆ ಮೊದಲ ಅಂತಾರಾಷ್ಟ್ರೀಯ ಪಂದ್ಯಗಳನ್ನಾಡಿದ್ದು 1924ರಲ್ಲಿ. 1987ರ ಮೊದಲ ವಿಶ್ವಕಪ್‌ನಲ್ಲಿ ಫಿಜಿ ಕ್ವಾರ್ಟರ್ ಫೈನಲ್ ತಲುಪಿತು; 1991ರಲ್ಲಿ ಸಮೋವ ಕಾರ್ಡಿಫ್‌ನಲ್ಲೇ ವೇಲ್ಸ್ ತಂಡವನ್ನು 16–13ರಿಂದ ಸೋಲಿಸಿತು. ವಿಲೀನದ ಪರ ಇರುವವರು ಕ್ರಿಕೆಟ್‌ನ ವೆಸ್ಟ್ ಇಂಡೀಸ್ ಮಾದರಿಯನ್ನು ಮುಂದಿಡುತ್ತಾರೆ. ಆದರೆ 1928ರಲ್ಲಿ ವೆಸ್ಟ್ ಇಂಡೀಸ್ ಟೆಸ್ಟ್‌ಗೆ ಕಾಲಿಟ್ಟಾಗ ಅಲ್ಲಿನ ಯಾವ ದ್ವೀಪವೂ ತನ್ನದೇ ಟೆಸ್ಟ್ ತಂಡ ಹೊಂದಿರಲಿಲ್ಲ. ಪೆಸಿಫಿಕ್‌ನಲ್ಲಿ ಒಂದಾಗುವುದೆಂದರೆ ಇದ್ದ ತಂಡಗಳನ್ನೂ ವಿಶ್ವಕಪ್ ಸ್ಥಾನಗಳನ್ನೂ ಬಿಟ್ಟುಕೊಡುವುದು.

ಪ್ರವಾಸಗಳು: 2002ರಲ್ಲಿ ಪೆಸಿಫಿಕ್ ಐಲೆಂಡ್ಸ್ ರಗ್ಬಿ ಅಲಯನ್ಸ್ ಸ್ಥಾಪನೆಯಾಯಿತು. ದೊಡ್ಡ ತಂಡಗಳೊಡನೆ ಪಂದ್ಯ, ಅದರಿಂದ ಬರುವ ಹಣ ಇದರ ಗುರಿ. 2004ರ ಜುಲೈನಲ್ಲಿ ಅದರ ಸಂಯುಕ್ತ ತಂಡ ಆಸ್ಟ್ರೇಲಿಯ (14–29), ನ್ಯೂಜಿಲೆಂಡ್ (26–41), ದಕ್ಷಿಣ ಆಫ್ರಿಕ (24–38) ಎದುರು ಸೋತರೂ ಪೈಪೋಟಿ ಕೊಟ್ಟಿತು. 2006ರಲ್ಲಿ ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್ ಎದುರು ಸೋಲು. 2008ರಲ್ಲಿ ಇಂಗ್ಲೆಂಡ್, ಫ್ರಾನ್ಸ್ ಎದುರು ಸೋತು, ಇಟಲಿಯನ್ನು 25–17ರಿಂದ ಗೆದ್ದಿತು. ಒಂಬತ್ತು ಟೆಸ್ಟ್‌ಗಳಲ್ಲಿ ಇದೊಂದೇ ಗೆಲುವು.

ಅರ್ಹತೆಯ ವಿವಾದ: ಒಂದು ದೇಶದ ಪರ ಟೆಸ್ಟ್ ಆಡಿದವರು ಇನ್ನೊಂದರ ಪರ ಆಡುವಂತಿಲ್ಲ ಎಂಬ ನಿಯಮ ಆಗ ಜಾರಿಯಲ್ಲಿತ್ತು. ಸಂಯುಕ್ತ ತಂಡ ಯಾವ ದೇಶದ್ದೂ ಅಲ್ಲದ ಕಾರಣ ಅದರ ಆಟಗಾರರಿಗೆ ಈ ಕಟ್ಟು ತಗಲಲಿಲ್ಲ. ಫಿಜಿಯಲ್ಲಿ ಹುಟ್ಟಿದ ಸಿತಿವೇನಿ ಸಿವಿವಾಟು, ಟೊಂಗದಲ್ಲಿ ಹುಟ್ಟಿದ ಸಿಯೋನೆ ಲೌವಾಕಿ 2004ರಲ್ಲಿ ಈ ತಂಡದಲ್ಲಿ ಆಡಿ ಮರುವರ್ಷ ನ್ಯೂಜಿಲೆಂಡ್ ಸೇರಿದರು. 2005ರ ಜೂನ್‌ನಲ್ಲಿ ಫಿಜಿ 0–91ರಿಂದ ಸೋತ ಪಂದ್ಯದಲ್ಲಿ ಸಿವಿವಾಟು ನ್ಯೂಜಿಲೆಂಡ್ ಪರ ನಾಲ್ಕು ಟ್ರೈ ಗಳಿಸಿದರು. ಆಟಗಾರರನ್ನು ಉಳಿಸಿಕೊಳ್ಳಲು ಒಂದಾಗಬೇಕೆಂಬ ವಾದಕ್ಕೆ ಇದು ಬಲವಾದ ಪೆಟ್ಟು.

ವಿಸರ್ಜನೆ ಮತ್ತು ನಂತರ: ನಿರೀಕ್ಷಿಸಿದ ಆದಾಯ ಬಾರದೆ 2009ರಲ್ಲಿ ಸಮೋವ ಹೊರಬಂದಿತು, ತಂಡ ಮತ್ತೆ ಆಡಲಿಲ್ಲ. ಒಗ್ಗೂಡುವ ಯೋಚನೆ ಬಳಿಕ ಕ್ಲಬ್ ಮಟ್ಟಕ್ಕೆ ಸರಿಯಿತು. 2022ರಲ್ಲಿ ಸೂಪರ್ ರಗ್ಬಿ ಪೆಸಿಫಿಕ್‌ಗೆ ಫಿಜಿಯನ್ ಡ್ರುವಾ ಮತ್ತು ಮುಖ್ಯವಾಗಿ ಸಮೋವ, ಟೊಂಗ ಮೂಲದವರ ಮೊವಾನಾ ಪಸಿಫಿಕಾ ಸೇರಿದವು. ಅದೇ ವರ್ಷದ ಜನವರಿಯಿಂದ ಜಾರಿಯಾದ ಅರ್ಹತಾ ನಿಯಮದ ತಿದ್ದುಪಡಿ, ಮೂರು ವರ್ಷ ಅಂತಾರಾಷ್ಟ್ರೀಯ ಪಂದ್ಯಗಳಿಂದ ದೂರವಿದ್ದ ಆಟಗಾರ ತಾನು, ತಂದೆತಾಯಿ ಇಲ್ಲವೆ ಅಜ್ಜ-ಅಜ್ಜಿ ಹುಟ್ಟಿದ ದೇಶಕ್ಕೆ ಒಮ್ಮೆ ಮರಳಲು ಅವಕಾಶ ಕೊಟ್ಟಿತು. 2023ರ ವಿಶ್ವಕಪ್‌ನಲ್ಲಿ ಫಿಜಿ ಆಸ್ಟ್ರೇಲಿಯವನ್ನು 22–15ರಿಂದ ಮಣಿಸಿ ಕ್ವಾರ್ಟರ್ ಫೈನಲ್ ತಲುಪಿತು. 24 ತಂಡಗಳ 2027ರ ವಿಶ್ವಕಪ್‌ಗೂ ಫಿಜಿ, ಸಮೋವ, ಟೊಂಗ ಬೇರೆ ಬೇರೆ ತಂಡಗಳಾಗಿಯೇ ಅರ್ಹತೆ ಪಡೆದಿವೆ.